ಅಸಲು ಕರಗಿಸಿ ಬಡ್ಡಿ ಅಂದುಕೊಂಡ ಸೀಮೆ: ಕಡ್ಲೆಕಾಯಿ ಕಾಲ ಕಲಿಸಿದ ಪಾಠ

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಇಪ್ಪತ್ನಾಲ್ಕು ವಯಸ್ಸು. ಐಟಿಐ ಮುಗಿಸಿ ಬೆಂಗಳೂರಲ್ಲಿ ಎರಡು ವರ್ಷ ದುಡಿದು, ಸಾಕಾಗಿ ಊರಿಗೆ ಬಂದಿದ್ದಾನೆ. ಒಂದೂವರೆ ಎಕರೆ ಅಡಿಕೆ ಈಗಾಗಲೇ ಇದೆ.

"ಅಣ್ಣ, ಉಳಿದಿರೋ ಎರಡು ಎಕರೆಗೂ ಅಡಿಕೆ ಇಟ್ಟುಬಿಡ್ತೀನಿ. ಇನ್ನೊಂದು ಬೋರ್ ಕೊರೆಸಬೇಕು, ಅಮ್ಮನ ಒಡವೆ ಅಡ ಇಟ್ರೆ ದುಡ್ಡಾಗುತ್ತೆ. ಒಳ್ಳೇ ಸಸಿ ಎಲ್ಲಿ ಸಿಗುತ್ತೆ ಹೇಳು" ಅಂದ.

ಸಸಿ ಎಲ್ಲಿ ಸಿಗುತ್ತೆ ಅಂತ ನನಗೆ ಗೊತ್ತಿತ್ತು. ಆದ್ರೆ ಹೇಳೋಕೆ ಬಾಯಿ ಬರಲಿಲ್ಲ. ಯಾಕಂದ್ರೆ ಇದೇ ಮಾತನ್ನ ನಮ್ಮ ಮನೆಯಲ್ಲಿ ಇದಕ್ಕೂ ಮುಂಚೆ ಎರಡು ಸಲ ಆಡಿದ್ದಾರೆ. ಒಂದು ಸಲ ತಾತ, ಕಡ್ಲೆಕಾಯಿ ಬಗ್ಗೆ. ಇನ್ನೊಂದು ಸಲ ನಾನೇ, ದಾಳಿಂಬೆ ಬಗ್ಗೆ. ಹಾಗಾಗಿ ಅವನಿಗೆ ಸಸಿ ವಿಳಾಸದ ಬದಲು ಒಂದು ಕಥೆ ಹೇಳಿದೆ. ಈ ವಾರ ನಿಮಗೂ ಅದೇ ಕಥೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಇದು ಮನೆ ಕಥೆ. ಉಳಿದವರಿಗೂ ಲೆಕ್ಕ ಒಂದೇ.

ಮೊದಲು ಒಂದು ಪುಟ್ಟ ದೇಶದ ಕಥೆ

ಶಾಂತಸಾಗರದ ನಡುವೆ ನೌರು ಅಂತ ಒಂದು ದೇಶ ಇದೆ. ಇಡೀ ದೇಶದ ವಿಸ್ತೀರ್ಣ 21 ಚದರ ಕಿಲೋಮೀಟರ್, ಅಂದ್ರೆ ಸುಮಾರು 5,200 ಎಕರೆ. ನಮ್ಮ ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆ. ಆ ದೇಶದ ಎರಡೂವರೆ ಪಟ್ಟು ಜಾಗದಲ್ಲಿ ನಾವು ಬರೀ ಸೋಲಾರ್ ಪ್ಲೇಟು ನಿಲ್ಲಿಸಿದ್ದೀವಿ.

ನೌರು ನೆಲದಲ್ಲಿ ಒಳ್ಳೇ ಗುಣಮಟ್ಟದ ರಂಜಕದ ಶಿಲೆ ಇತ್ತು. ನಾವು ಚೀಲದಲ್ಲಿ ತರುವ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಇಂಥದ್ದೇ ಕಲ್ಲು ಮೂಲ. 1907ರಿಂದ ಅಗೆತ ಶುರುವಾಗಿ ಆ ಕಲ್ಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹೊಲಗಳಿಗೆ ಹೋಯ್ತು. 1968ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ದುಡ್ಡು ನೌರು ಜನರ ಕೈಗೇ ಬಂತು. ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿ ದೇಶಗಳ ಸಾಲಿಗೆ ಸೇರಿದರು. ಆದಾಯ ತೆರಿಗೆ ಇಲ್ಲ. ತಮ್ಮದೇ ವಿಮಾನ ಕಂಪನಿ. 1977ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 52 ಮಹಡಿಯ ಕಟ್ಟಡ ಕಟ್ಟಿಸಿದರು. 1993ರಲ್ಲಿ ಲಂಡನ್ನಿನಲ್ಲಿ ಒಂದು ಸಂಗೀತ ನಾಟಕಕ್ಕೂ ದುಡ್ಡು ಹಾಕಿದರು. ಅದು ಮಕಾಡೆ ಮಲಗಿತು.

2000ದ ಹೊತ್ತಿಗೆ ಕಲ್ಲು ಹೆಚ್ಚುಕಡಿಮೆ ಖಾಲಿ. ದ್ವೀಪದ ಐದರಲ್ಲಿ ನಾಲ್ಕು ಪಾಲು ಅಗೆದು, ಮೊನಚು ಕಲ್ಲು ಮಾತ್ರ ನಿಂತ ಬೋಳು ನೆಲ. 2004ರಲ್ಲಿ ಸಾಲಕ್ಕೆ ಆ ಕಟ್ಟಡ ಹೋಯ್ತು. 2005ರಲ್ಲಿ ಉಳಿದಿದ್ದ ಒಂದೇ ವಿಮಾನವನ್ನೂ ಸಾಲ ಕೊಟ್ಟವರು ಎತ್ತಿಕೊಂಡು ಹೋದರು.

ನೌರು ಜನ ಸೋಮಾರಿಗಳು ಅಂತ ನಗೋದು ಸುಲಭ. ನಿಜವಾದ ತಪ್ಪು ಲೆಕ್ಕದ ಪುಸ್ತಕದಲ್ಲಿತ್ತು. ನೆಲ ಮಾರಿ ಬಂದ ದುಡ್ಡನ್ನು ಅವರು ಆದಾಯ ಅಂತ ಬರೆದುಕೊಂಡರು. ಅದು ಬಡ್ಡಿ ಅಲ್ಲ, ಅಸಲು.

ಈಗ ನಮ್ಮ ಸೀಮೆಗೆ ಬರೋಣ.

ಕಡ್ಲೆಕಾಯಿ ಯಾಕೆ ಮೇಲೆದ್ದಿತು?

ನಮ್ಮದು ಕೆಂಪು ಮರಳು ಮಿಶ್ರಿತ ನೆಲ. ಪಾವಗಡ, ಶಿರಾ ಕಡೆ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ ಬಂದರೆ ಪುಣ್ಯ. ಮೊದಲು ಇಲ್ಲಿ ರಾಗಿ, ನವಣೆ, ಸಾಮೆ, ಕೊರಲೆ, ಹುರುಳಿ. ರಾಗಿ ಹೊಲದ ನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಹೊಟ್ಟೆಗೆ ಕಷ್ಟವಿರಲಿಲ್ಲ, ಆದ್ರೆ ಕೈಗೆ ಕಾಸು ಬರ್ತಿರಲಿಲ್ಲ.

ಕೈಗೆ ಕಾಸು ಕೊಟ್ಟಿದ್ದು ಕಡ್ಲೆಕಾಯಿ. ಕಾರಣ ನಾಲ್ಕು:

1. ನೆಲಕ್ಕೆ ಒಪ್ಪಿತು. ಮಣ್ಣು ಸಡಿಲ, ಕಾಯಿ ಕೀಳೋದು ಸುಲಭ. 1940ರಲ್ಲಿ ತಮಿಳುನಾಡಿನ ತಿಂಡಿವನಂನಿಂದ ಬಂದ ಟಿಎಂವಿ-2 ತಳಿ ಮೂರೂವರೆ ತಿಂಗಳಲ್ಲಿ ಕೈಗೆ ಬರ್ತಿತ್ತು.

2. ಮಾರುಕಟ್ಟೆ ಬಾಗಿಲಲ್ಲೇ ಇತ್ತು. ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು ಬಿದ್ದಿತ್ತು. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಕಾಯಿ ಸುಲಿಯುವ ಮಿಲ್ಲುಗಳು ಎದ್ದವು.

3. ಸರ್ಕಾರದ ಬಲ ಇತ್ತು. 1984ರಲ್ಲಿ ಕರ್ನಾಟಕದಲ್ಲಿ ಎಣ್ಣೆಬೀಜ ಬೆಳೆಗಾರರ ಮಹಾಮಂಡಲ ಬಂತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜ ತಂತ್ರಜ್ಞಾನ ಮಿಷನ್ ಶುರು ಮಾಡಿತು. ಹೊರದೇಶದ ಎಣ್ಣೆ ಬರೋದನ್ನ ಸರ್ಕಾರ ಬಿಗಿ ಹಿಡಿದಿತ್ತು. 1990ರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿ ಆಯ್ತು.

4. ಬಳ್ಳಿಯೂ ದುಡ್ಡೇ. ಕಾಯಿ ಬಿಡಿಸಿದ ಮೇಲೆ ಬಳ್ಳಿ ದನ, ಕುರಿಗೆ ಒಳ್ಳೇ ಮೇವು. ಹಿಂಡಿ ಹಸುವಿಗೆ. ಬಿಸಾಕೋದು ಏನೂ ಇಲ್ಲ.

ಆ ಕಾಲದಲ್ಲಿ ನಮ್ಮ ತಾತ ಹೆಂಚಿನ ಮನೆ ತೆಗೆದು ಆರ್‌ಸಿಸಿ ಹಾಕಿಸಿದರು. ಇಬ್ಬರು ಅತ್ತೆಯರ ಮದುವೆ ಕಡ್ಲೆಕಾಯಿ ದುಡ್ಡಲ್ಲೇ ಆಯ್ತು. ಶೆಟ್ಟರ ಅಂಗಡಿಯಲ್ಲಿ ಸಾಲ ಸಿಕ್ತಿತ್ತು, ಯಾಕಂದ್ರೆ ಹೊಲದಲ್ಲಿ ಕಡ್ಲೆಕಾಯಿ ಇದೆ ಅನ್ನೋ ನಂಬಿಕೆ. ಪಾವಗಡ, ಶಿರಾ, ಮಧುಗಿರಿಯಲ್ಲಿ ಮುಂಗಾರಿನ ಹೊಲ ಅಂದ್ರೆ ಕಡ್ಲೆಕಾಯಿ ಹೊಲ ಅನ್ನೋ ಹಾಗಾಯ್ತು. ಕೆರೆ ಬಯಲು, ಹೊಳೆ ಬಯಲು ಇದ್ದ ಕೊರಟಗೆರೆಯಲ್ಲಿ ಅಷ್ಟು ಇರಲಿಲ್ಲ.

ಕುಸಿದದ್ದು ಯಾಕೆ?

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಎಲ್ಲರೂ ಬಾಯಿಬಿಟ್ಟರೆ "ಮಳೆ ಹೋಯ್ತು" ಅಂತಾರೆ. ಮಳೆ ನಮಗೆ ಯಾವತ್ತೂ ಕೈಕೊಡ್ತಾನೇ ಇತ್ತು. ಅದನ್ನ ತಡ್ಕೊಳ್ಳೋ ಶಕ್ತಿ ನಮ್ಮ ಬೇಸಾಯದಿಂದ ಹೋಗಿದ್ದೇ ಅಸಲಿ ಸಮಸ್ಯೆ. ಮೇಲೆತ್ತಿದ ಕಾರಣಗಳೇ ಒಂದೊಂದಾಗಿ ಕೆಳಕ್ಕೆ ತಳ್ಳಿದವು.

ಒಂದೇ ಬೆಳೆ. ದುಡ್ಡು ಬರ್ತಿದ್ದ ಹಾಗೆ ಅಕ್ಕಡಿ ಸಾಲು ಮಾಯವಾಯ್ತು. ತೊಗರಿ ಸಾಲಿನ ಜಾಗದಲ್ಲೂ ಕಡ್ಲೆಕಾಯಿ. ಅದೇ ಹೊಲಕ್ಕೆ ಇಪ್ಪತ್ತು ವರ್ಷ ಅದೇ ಬೆಳೆ, ಅದೇ ತಳಿ. ಎಲೆಚುಕ್ಕೆ, ಬುಡಕೊಳೆ, ಸುರುಳಿಪೂಚಿ, ಕೆಂಪು ಕಂಬಳಿಹುಳು ಎಲ್ಲಕ್ಕೂ ವರ್ಷ ವರ್ಷ ಹಬ್ಬದೂಟ.

ಮಣ್ಣಿಗೆ ವಾಪಸ್ ಇಲ್ಲ. ಕಡ್ಲೆಕಾಯಿ ದ್ವಿದಳ, ಸಾರಜನಕ ಕೊಡುತ್ತೆ ಅಂತ ಪುಸ್ತಕದಲ್ಲಿದೆ, ನಿಜ. ಆದ್ರೆ ನಾವು ಗಿಡವನ್ನ ಬೇರು ಸಮೇತ ಕಿತ್ತು ಮನೆಗೆ ಹೊರ್ತೀವಿ. ಕಾಯಿ ಮಿಲ್ಲಿಗೆ, ಬಳ್ಳಿ ದನಕ್ಕೆ. ದನ ಇದ್ದಾಗ ಗೊಬ್ಬರವಾಗಿ ಹೊಲಕ್ಕೆ ತಿರುಗಿ ಬರ್ತಿತ್ತು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಆ ಸುತ್ತು ಕಡಿದುಹೋಯ್ತು.

ಬಿತ್ತನೆ ಬೀಜ. ಎಕರೆಗೆ 40ರಿಂದ 50 ಕಿಲೋ ಬೀಜ ಬೇಕು. ರಾಗಿ ಆದ್ರೆ ಐದಾರು ಕಿಲೋ ಸಾಕು. ಮಳೆ ಕೈಕೊಟ್ಟ ವರ್ಷ ಮನೆಯಲ್ಲಿಟ್ಟ ಬೀಜವನ್ನೂ ಮಾರಿಕೊಂಡು, ಮುಂದಿನ ವರ್ಷ ಸಾಲ ಮಾಡಿ ಬೀಜ ತಂದರು. ಅಲ್ಲಿಗೆ ಬಿತ್ತೋದೇ ಜೂಜಾಯ್ತು.

ಬೆಲೆ. 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆದರು. ಆಗ ಸುಂಕ ಶೇ 65. 1998ರ ಹೊತ್ತಿಗೆ ಅದು ಶೇ 15ಕ್ಕೆ ಇಳಿದಿತ್ತು. ಆಮೇಲೆ ಹೆಚ್ಚಿಸಿದರು, ಮತ್ತೆ ಇಳಿಸಿದರು. ಮಲೇಷ್ಯಾ, ಇಂಡೋನೇಷ್ಯಾದ ತಾಳೆ ಎಣ್ಣೆ ಕಡಿಮೆ ಬೆಲೆಗೆ ನಮ್ಮೂರ ಅಂಗಡಿಗೇ ಬಂತು. ನಮ್ಮ ಬೆಳೆಯ ಬೆಲೆ ನಮಗೆ ಕಾಣದ ಊರಲ್ಲಿ ತೀರ್ಮಾನ ಆಗತೊಡಗಿತು. ತಾತನಿಗೆ ಇದು ಕೊನೆವರೆಗೂ ಅರ್ಥವಾಗಲಿಲ್ಲ. ದಲ್ಲಾಳಿ ಮೋಸ ಅಂತಲೇ ಬೈಕೊಂಡಿದ್ದರು.

ರೋಗ. 2000ದಲ್ಲಿ ಪಾವಗಡಕ್ಕೆ ಅಂಟಿಕೊಂಡ ಅನಂತಪುರ ಜಿಲ್ಲೆಯಲ್ಲಿ ಕಾಂಡ ಕೊಳೆಸುವ ನಂಜುರೋಗ ಬಂತು. ಸುಮಾರು 2.25 ಲಕ್ಷ ಹೆಕ್ಟೇರ್ ಕಡ್ಲೆಕಾಯಿ ಹಾಳಾಯ್ತು. ಈ ವೈರಸ್ ಪಾರ್ಥೇನಿಯಂ ಕಳೆಯ ಪರಾಗದಲ್ಲಿರುತ್ತೆ, ಥ್ರಿಪ್ಸ್ ನುಸಿ ಅದನ್ನ ಬೆಳೆಗೆ ದಾಟಿಸುತ್ತೆ. ಬೇಲಿ ಸಾಲಲ್ಲಿ ಜೋಳ, ಸಜ್ಜೆ ಇದ್ದಿದ್ದರೆ ನುಸಿಗೆ ತಡೆ ಆಗ್ತಿತ್ತು. ಸಾಲನ್ನ ನಾವು ಯಾವತ್ತೋ ತೆಗೆದಿದ್ದೆವು.

ಕೊನೆಗೆ ಬರ. 2001ರಿಂದ 2003ರವರೆಗೆ ಸತತ ಮೂರು ವರ್ಷ ರಾಜ್ಯದಲ್ಲಿ ಬರ. ಹೂ ಬಿಟ್ಟು ಸೂಜಿ ಮಣ್ಣಿಗಿಳಿಯೋ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟರೆ ಕಡ್ಲೆಕಾಯಿ ಬರೀ ಬಳ್ಳಿ. ಹಿಂದೆ ಇಂಥ ವರ್ಷ ಕೊರಲೆ, ಹುರುಳಿ, ಅವರೆ ಯಾವುದಾದರೂ ಒಂದು ಕೈ ಹಿಡಿತಿತ್ತು. ಈ ಸಲ ಹಿಡಿಯೋಕೆ ಯಾವುದೂ ಇರಲಿಲ್ಲ. ಮನೆಗಳಿಗೆ ಬೀಗ ಬಿತ್ತು, ಗಾರೆ ಕೆಲಸ ಹುಡುಕಿಕೊಂಡು ಜನ ಬೆಂಗಳೂರಿನ ಬಸ್ ಹತ್ತಿದರು.

ನನಗಾಗ ಹನ್ನೆರಡು, ಹದಿಮೂರು ವರ್ಷ. ತಾತ ಜಗುಲಿ ಮೇಲೆ ಕೂತು ಬಿತ್ತನೆ ಬೀಜಕ್ಕೆ ಇಟ್ಟಿದ್ದ ಚೀಲ ಬಿಚ್ಚಿ, ಹುರಿಯೋಕೆ ಅಜ್ಜಿ ಕೈಗೆ ಕೊಟ್ಟಿದ್ದು ಇವತ್ತಿಗೂ ಕಣ್ಣಲ್ಲಿದೆ.

ನೀರಲ್ಲೂ ಇದೇ ಕಥೆ

ಕಡ್ಲೆಕಾಯಿ ಬಿದ್ದ ಮೇಲೆ ಜನ ಬೋರ್‌ವೆಲ್ ಕಡೆ ತಿರುಗಿದರು. ಅದಕ್ಕೂ ಮೊದಲು ನಮ್ಮ ನಾಲ್ಕು ತಾಲ್ಲೂಕಲ್ಲಿ ಏನಿತ್ತು ಅಂತ ನಿಮ್ಮೂರ ಹಿರಿಯರನ್ನ ಕೇಳಿ. "ತಲಪರಿಗೆ" ಅಂತಾರೆ.

ಹಳ್ಳದ ಬದಿ, ಕೆರೆಯ ಆಸುಪಾಸು, ಮರಳು ನೆಲದಲ್ಲಿ ನೀರು ತಾನಾಗೇ ಒಸರುವ ಜಾಗಕ್ಕೆ ತಲಪರಿಗೆ ಅನ್ನೋದು. ಅಲ್ಲಿ ಗುಂಡಿ ತೋಡಿ, ಕಾಲುವೆ ತೆಗೆದು ಗದ್ದೆಗೆ ಹರಿಸ್ತಿದ್ದರು. ಮೋಟಾರಿಲ್ಲ, ಕರೆಂಟಿಲ್ಲ. ಅಚ್ಚುಕಟ್ಟಿನ ರೈತರೆಲ್ಲ ಸೇರಿ ಹೂಳು ತೆಗೀಬೇಕು, ಸರದಿ ಪ್ರಕಾರ ನೀರು ಹಂಚಿಕೋಬೇಕು. ಇದರ ದೊಡ್ಡ ಗುಣ ಏನಂದ್ರೆ, ನೆಲ ಎಷ್ಟು ಕೊಡುತ್ತೋ ಅಷ್ಟೇ ಸಿಗೋದು. ಆಸೆ ಜಾಸ್ತಿ ಆಯ್ತು ಅಂತ ಜಾಸ್ತಿ ಎಳೆಯೋಕೆ ಆಗಲ್ಲ. ಅಂದ್ರೆ ತಲಪರಿಗೆ ಬಡ್ಡಿ ಮಾತ್ರ ಕೊಡುತ್ತೆ.

ಬೋರ್‌ವೆಲ್ ಅಸಲಿಗೇ ಕೈ ಹಾಕುತ್ತೆ. ಬಂಡೆ ಸೀಳಿನಲ್ಲಿ ಬಹುಕಾಲದಿಂದ ನಿಂತ ನೀರು ಗುಂಡಿ ಒತ್ತಿದರೆ ಮೇಲೆ ಬರುತ್ತೆ. ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ಲಿಲ್ಲ, ಹಾಗಾಗಿ ನೀರಿಗೆ ಬೆಲೆಯೂ ಇಲ್ಲ. ಒಬ್ಬ 300 ಅಡಿ ಹೋದರೆ ಪಕ್ಕದವನು 500. ಮೊದಲು ತಲಪರಿಗೆ ಒಣಗಿತು, ಆಮೇಲೆ ತೆರೆದ ಬಾವಿ, ಆಮೇಲೆ ಮೊದಲ ಬೋರ್. ಕೇಂದ್ರ ಅಂತರ್ಜಲ ಮಂಡಳಿಯ ಅತಿಬಳಕೆ ಪಟ್ಟಿಗೆ ನಮ್ಮ ಭಾಗ ಸೇರಿತು. ಪಾವಗಡದಲ್ಲಿ ಕುಡಿಯೋ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನೋದು ಅಲ್ಲಿನ ಹಿರಿಯರ ಮಂಡಿ, ಮಕ್ಕಳ ಹಲ್ಲು ನೋಡಿದರೆ ಸಾಕು.

ನಾನೂ ಇದೇ ದಾರಿಯಲ್ಲಿ ಹೋದವನು. ತೋಟಗಾರಿಕೆ ಪದವಿ ಮುಗಿಸಿ ಬಂದ ಹೊಸದರಲ್ಲಿ ಎರಡು ಎಕರೆಗೆ ದಾಳಿಂಬೆ ಹಾಕಿದೆ. ಎರಡನೇ ಬೆಳೆಗೆ ಒಳ್ಳೇ ರೇಟು ಸಿಕ್ತು, ಹೊಸ ಬೈಕ್ ತಗೊಂಡೆ. ಮೂರನೇ ಬೆಳೆಗೆ ದುಂಡಾಣು ಅಂಗಮಾರಿ ಹತ್ತಿತು, ಅದೇ ಬೇಸಿಗೆ ಬೋರ್ ನಿಂತಿತು. ರೋಗದ ಬಗ್ಗೆ ಕಾಲೇಜಲ್ಲಿ ಪಾಠ ಕೇಳಿ ನಂಬರ್ ತಗೊಂಡವನು ನಾನು! ಆದ್ರೆ ಬೈಕ್ ತಗೊಂಡ ದಿನ ಅದು ಬಡ್ಡಿಯೋ ಅಸಲೋ ಅಂತ ಕೇಳಿಕೊಂಡಿರಲಿಲ್ಲ. ಕಾಯಿಲೆ ಬಂದ ಗಿಡ ಕಿತ್ತು ಸುಟ್ಟ ಮೇಲೆಯೇ ನಾನು ಸಾವಯವದ ಕಡೆ, ಮಿಶ್ರ ಬೆಳೆ ಕಡೆ ತಿರುಗಿದ್ದು.

ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರ ಕಡೆಯ ರೈತರು ಇನ್ನೊಂದು ದಾರಿ ಹಿಡಿದರು. ಜಮೀನನ್ನ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಾರಲಿಲ್ಲ, ಗುತ್ತಿಗೆ ಕೊಟ್ಟರು, ಅದು ಜಾಣತನ. ಅಸಲು ಅವರ ಹೆಸರಲ್ಲೇ ಉಳೀತು. ಆದ್ರೆ ಹೊಲದಲ್ಲಿ ಕೂಲಿ ಮಾಡ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸ್ತಿದ್ದವರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಒಂದೇ ಆದಾಯಕ್ಕೆ ಇಡೀ ಊರು ಜೋತುಬಿದ್ದರೆ ಅದೂ ಕಡ್ಲೆಕಾಯಿಯೇ.

ಈಗ ಅಡಿಕೆ ಲೆಕ್ಕ

ತಮ್ಮನಿಗೆ ಹೇಳಿದ ಲೆಕ್ಕ ಇದು. ಮೊಬೈಲ್ ಕ್ಯಾಲ್ಕುಲೇಟರ್ ತೆಗೆದು ಜೊತೆಗೇ ಒತ್ತಿ.

- ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಗಿಡ.
- ಫಸಲಿನ ಗಿಡಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರ್. ಎಕರೆಗೆ ದಿನಕ್ಕೆ 10,800 ಲೀಟರ್.
- ಮಳೆ ಇಲ್ಲದ 200 ದಿನಕ್ಕೆ ಸುಮಾರು 21.6 ಲಕ್ಷ ಲೀಟರ್.
- 550 ಮಿಲಿಮೀಟರ್ ಮಳೆ ಆದರೆ ಒಂದು ಎಕರೆ ಮೇಲೆ ಬೀಳೋದು ಸುಮಾರು 22 ಲಕ್ಷ ಲೀಟರ್.
- ನಮ್ಮಂಥ ಗಟ್ಟಿಬಂಡೆ ಸೀಮೆಯಲ್ಲಿ ಅದರಲ್ಲಿ ನೆಲದಾಳಕ್ಕೆ ಇಳಿಯೋದು ಹತ್ತರಲ್ಲಿ ಒಂದು ಪಾಲು ಅಂತ ಹಿಡಿಯಿರಿ. 2.2 ಲಕ್ಷ ಲೀಟರ್.

ಅಂದ್ರೆ ಒಂದು ಎಕರೆ ಅಡಿಕೆ ಹೆಚ್ಚುಕಡಿಮೆ ಹತ್ತು ಎಕರೆಯ ಬಡ್ಡಿ ನೀರು ಕುಡಿಯುತ್ತೆ. ಉಳಿದ ಒಂಬತ್ತು ಎಕರೆಯವರು ಮೋಟಾರ್ ಹಾಕದೆ ಸುಮ್ಮನಿದ್ದರೆ ಸರಿ. ಅವರೂ ಅಡಿಕೆ ಇಟ್ಟರೆ? ಅಲ್ಲಿಂದ ಎಲ್ಲರೂ ಅಸಲು ಎಳೀತಿದ್ದೀವಿ ಅಂತಲೇ ಅರ್ಥ.

ಅಡಿಕೆ ಕೆಟ್ಟ ಬೆಳೆ ಅಂತ ನಾನು ಹೇಳ್ತಿಲ್ಲ. ಕಡ್ಲೆಕಾಯಿಯೂ ಕೆಟ್ಟ ಬೆಳೆ ಆಗಿರಲಿಲ್ಲ, ದಾಳಿಂಬೆಯೂ ಅಲ್ಲ. ಒಂದರ ಮೇಲೇ ಎಲ್ಲ ಭಾರ ಹಾಕಿದ್ದು ತಪ್ಪು.

ನಾವು ಏನು ಮಾಡಬಹುದು?

1. ಬೋರ್ ನೀರು ಅಳೆಯಿರಿ. 200 ಲೀಟರ್ ಡ್ರಮ್ ಇಟ್ಟು, ಮೋಟಾರ್ ಹಾಕಿ ಒಂದು ಗಂಟೆ ಆದ ಮೇಲೆ ಮೊಬೈಲ್ ಸ್ಟಾಪ್‌ವಾಚ್ ಒತ್ತಿ. 100 ಸೆಕೆಂಡಲ್ಲಿ ತುಂಬಿದರೆ ಗಂಟೆಗೆ 7,200 ಲೀಟರ್. ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಮಾರ್ಚ್, ಏಪ್ರಿಲ್ ಅಳತೆ ಮೇಲೆ ತೋಟದ ಗಾತ್ರ ತೀರ್ಮಾನಿಸಿ. ಅಕ್ಟೋಬರ್ ಅಳತೆ ನಂಬಬೇಡಿ.

2. ಆದಾಯದ ಅರ್ಧಕ್ಕಿಂತ ಹೆಚ್ಚು ಒಂದೇ ಬೆಳೆಯಿಂದ ಬೇಡ. ಮಳೆಯಾಶ್ರಿತ ಹೊಲ ಬೀಳು ಬಿಡಬೇಡಿ. ರಾಗಿ, ಹುರುಳಿ ಇರಲಿ. ಮಳೆ ತಡವಾದರೆ ಕೊರಲೆ, ಸಾಮೆ ಬಿತ್ತಿ, ಮೂರು ತಿಂಗಳಲ್ಲಿ ಕೈಗೆ ಬರುತ್ತೆ. ಬದುವಿನಲ್ಲಿ ಹುಣಸೆ, ಹೊಂಗೆ, ಬೇವು, ಸೀತಾಫಲ. ಹುಣಸೆಗೆ ತುಮಕೂರು ಮಾರುಕಟ್ಟೆ ಪಕ್ಕದಲ್ಲೇ ಇದೆ. ನಾಲ್ಕು ಕುರಿ ಇದ್ದರೆ ಬರದಲ್ಲಿ ಬ್ಯಾಂಕಿಗಿಂತ ಬೇಗ ದುಡ್ಡು.

3. ಕಡ್ಲೆಕಾಯಿ ಹಾಕೋರು ಸಾಲು ವಾಪಸ್ ತನ್ನಿ. ಎಂಟು ಸಾಲಿಗೆ ಒಂದೆರಡು ಸಾಲು ತೊಗರಿ. ಹೊಲದ ಸುತ್ತ ಒತ್ತಾಗಿ ಜೋಳ ಅಥವಾ ಸಜ್ಜೆ. ಪಾರ್ಥೇನಿಯಂ ಹೂ ಬಿಡೋ ಮೊದಲೇ ಕೀಳಿ. ಹಳೇ ಟಿಎಂವಿ-2 ಬಿಟ್ಟು ಕದಿರಿ-6, ಐಸಿಜಿವಿ 91114ರಂಥ ತಳಿ ಅರ್ಧ ಎಕರೆಯಲ್ಲಿ ಹಾಕಿ ನೋಡಿ.

4. ಬೀಜ ಮನೆಯಲ್ಲಿರಲಿ. ಒಳ್ಳೇ ಫಸಲಿನ ಜಾಗ ಗುರುತಿಸಿ ಅಲ್ಲಿನ ಕಾಯಿ ಬೇರೆ ತೆಗೆದು, ಚೆನ್ನಾಗಿ ಒಣಗಿಸಿ, ಸುಲಿಯದೆ ಕಾಯಿಯಾಗಿಯೇ ಇಡಿ. ಬಿತ್ತೋ ಮೊದಲು ನೂರು ಬೀಜ ಒದ್ದೆ ಗೋಣಿಯಲ್ಲಿ ಮೊಳಕೆ ಕಟ್ಟಿ ನೋಡಿ.

5. ಒಳ್ಳೇ ವರ್ಷದ ದುಡ್ಡಲ್ಲಿ ಮೊದಲ ಪಾಲು ನೆಲಕ್ಕೆ. ಬೆಲೆ ಬಂದ ವರ್ಷ ಹತ್ತರಲ್ಲಿ ಒಂದು ಪಾಲು ಕೃಷಿ ಹೊಂಡ, ಬದು, ಕೆರೆಗೋಡು, ಗೊಬ್ಬರಕ್ಕೆ ತೆಗೆದಿಡಿ. ಇದು ಖರ್ಚಲ್ಲ, ತೆಗೆದ ಅಸಲನ್ನ ವಾಪಸ್ ಕಟ್ಟೋದು.

6. ಕುತ್ತಿಗೆಯ ಒಡವೆ, ಪಹಣಿ ಇಟ್ಟು ಬೋರ್ ಕೊರೆಸಬೇಡಿ. ನೀರು ಬರುತ್ತೆ ಅನ್ನೋ ನಂಬಿಕೆ ಮೇಲೆ ಮಾಡೋ ಸಾಲ ಬೇಸಾಯದ ಸಾಲ ಅಲ್ಲ.

ಕೊನೆಗೆ

ಮೊನ್ನೆ ತಮ್ಮ ಮತ್ತೆ ಫೋನ್ ಮಾಡಿದ. "ಅಣ್ಣ, ಡ್ರಮ್ ತುಂಬೋಕೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್ ಆಯ್ತು."

ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಗಂಟೆಗೆ ಸುಮಾರು 2,770 ಲೀಟರ್. ಕರೆಂಟ್ ಏಳು ಗಂಟೆ ಸಿಕ್ಕರೆ ದಿನಕ್ಕೆ ಸುಮಾರು 19,400. ಈಗಿರೋ ಒಂದೂವರೆ ಎಕರೆ ಅಡಿಕೆಗೇ 16,200 ಬೇಕು. ಇನ್ನೆರಡು ಎಕರೆ ಸೇರಿದರೆ 37,800.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹೊಸ ಬೋರಲ್ಲಿ ಸಿಕ್ಕರೆ?" ಅಂದ.

"ಸಿಕ್ಕರೆ ಹಳೇ ಬೋರಿಗೆ ಬರೋ ನೀರೇ ಅಲ್ಲಿ ಸಿಗುತ್ತೆ ಕಣೋ" ಅಂದೆ. ನೂರಕ್ಕೆ ನೂರು ಹಾಗೇ ಆಗುತ್ತೆ ಅಂತಲ್ಲ, ಆದ್ರೆ ಪಕ್ಕಪಕ್ಕದ ಬೋರ್‌ಗಳಲ್ಲಿ ನಮ್ಮೂರು ಕಂಡಿರೋದು ಹೆಚ್ಚಾಗಿ ಅದೇ.

ಅವನಿನ್ನೂ ಪೂರ್ತಿ ಒಪ್ಪಿಲ್ಲ. ಅಡಿಕೆ ರೇಟು ಕೇಳಿದಾಗೆಲ್ಲ ಮನಸ್ಸು ಎಳೆಯುತ್ತೆ ಅಂತಾನೆ. ಆದ್ರೆ ಚಿಕ್ಕಮ್ಮನ ಒಡವೆ ಸದ್ಯಕ್ಕೆ ಮನೆಯಲ್ಲೇ ಇದೆ. ಎರಡು ಎಕರೆಗೆ ಈ ಮುಂಗಾರಲ್ಲಿ ಕಡ್ಲೆಕಾಯಿ ಜೊತೆ ತೊಗರಿ, ಬದುವಿಗೆ ಹುಣಸೆ ಅಂತ ಮಾತಾಗಿದೆ. ಬೀಜದ ಕಾಯಿ ನಾನೇ ಕೊಡ್ತೀನಿ ಅಂದಿದ್ದೀನಿ.

ಈ ವಾರದ ಕೆಲಸ: ನಿಮ್ಮ ಬೋರ್ ಡ್ರಮ್ ತುಂಬೋಕೆ ಎಷ್ಟು ಸೆಕೆಂಡ್ ತಗೊಳ್ಳುತ್ತೆ ಅಳೆದು, ತಾರೀಖು ಸಮೇತ ಫೋನಲ್ಲಿ ಬರೆದಿಡಿ. ಜೊತೆಗೆ ನಿಮ್ಮೂರಲ್ಲಿ ತಲಪರಿಗೆ ಎಲ್ಲಿತ್ತು, ಯಾವ ವರ್ಷ ಒಣಗಿತು ಅಂತ ಮನೆಯ ಹಿರಿಯರನ್ನ ಕೇಳಿ. ಈ ಎರಡು ಲೆಕ್ಕ ಕೈಯಲ್ಲಿದ್ದರೆ, ಮುಂದಿನ ಬೆಳೆ ಯಾವುದು ಅಂತ ನಿಮಗೇ ಗೊತ್ತಾಗುತ್ತೆ.